ತೊಟ್ಟಿಯ ಎಡಮೂಲೆ

ಹಂದಿ ಮೇವು ಬಿಡುವುದಿಲ್ಲ. ಅರ್ಧ ಆಯುಷ್ಯವನ್ನು ಹಂದಿಗಳ ಜೊತೆ ಕಳೆದ ಪಶುವೈದ್ಯೆ ನಾನು, ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ತೊಟ್ಟಿಯಲ್ಲಿ ಮೇವು ಉಳಿದಿದೆಯೆಂದರೆ ಹಂದಿಗೆ ಜ್ವರ ಬರುತ್ತಿದೆ ಎಂದೇ ಲೆಕ್ಕ. ಅದಕ್ಕೇ ನಮ್ಮ ಪ್ರಯೋಗಾಲಯದಲ್ಲಿ ದಿನವೂ ತೊಟ್ಟಿ ಕೆರೆದು, ಉಳಿದದ್ದನ್ನು ತೂಗುತ್ತೇವೆ. ನಮ್ಮ ಮುಖ್ಯಸ್ಥರಿಗೆ ಈ ತೂಗುವುದರ ಮೇಲೆ ಎಷ್ಟು ಮೋಹವೆಂದರೆ, ಬೆನ್ನ ಹಿಂದೆ ಅವರನ್ನು ತಕ್ಕಡಿ ಸಾಹೇಬರು ಎನ್ನುತ್ತೇವೆ. ಅವರಿಗೂ ಅದು ಗೊತ್ತು, ಒಳಗೊಳಗೇ ಖುಷಿ.

ಆ ವರ್ಷ ಹಂದಿಗಳನ್ನಷ್ಟೇ ಕಾಡುವ ಹಂದಿಜ್ವರ ಊರಿಂದ ಊರಿಗೆ ಹಬ್ಬುತ್ತಿತ್ತು. ಹೊಕ್ಕ ದೊಡ್ಡಿಯಲ್ಲಿ ಒಂದನ್ನೂ ಉಳಿಸುತ್ತಿರಲಿಲ್ಲ. ನನ್ನ ಅಣ್ಣನಿಗೆ ಹಂದಿದೊಡ್ಡಿ ಬಿಟ್ಟರೆ ಬೇರೆ ಬದುಕು ಗೊತ್ತಿಲ್ಲ. ಪ್ರಯೋಗದ ಹಂದಿಗಳನ್ನು ಮುಟ್ಟಿದವರು ಹೊರಗಿನ ಹಂದಿಗಳ ಹತ್ತಿರ ಸುಳಿಯಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಾಗಾಗಿ ಅಣ್ಣನ ಮನೆಗೆ ಹೋಗುವಂತಿರಲಿಲ್ಲ, ಫೋನೇ ಗತಿ.

"ಹಳ್ಳದ ಆಚೆ ದೊಡ್ಡಿಗೆ ಬಂದುಬಿಟ್ಟಿದೆ," ಎಂದ ಅವನು. "ಸುಣ್ಣ ಚೆಲ್ಲಿದೀನಿ, ಗೇಟಿಗೆ ಬೀಗ ಹಾಕಿದೀನಿ. ನಿನ್ನ ಔಷಧಿ ಯಾವಾಗ ಬರುತ್ತೆ ಹೇಳು ತಂಗಿ. ಕಾಯೋದು ಬಿಟ್ಟು ಇನ್ನೇನೂ ಉಳಿದಿಲ್ಲ ನಂಗೆ."

ಔಷಧಿ, ಅಂದರೆ ಲಸಿಕೆ, ಕೊನೆಯ ಪರೀಕ್ಷೆಯಲ್ಲಿತ್ತು. ಜ್ವರದ ವೈರಾಣುವನ್ನು ಬಾಟಲಿಯಲ್ಲಿನ ಜೀವಕೋಶಗಳ ಮೇಲೆ ಮತ್ತೆ ಮತ್ತೆ ಬೆಳೆಸಿ, ಅದರ ಹಲ್ಲು ಕಿತ್ತು ಹಂದಿಗೆ ಚುಚ್ಚುವುದು. ಆ ಜೀವಕೋಶಗಳು ನಮ್ಮ ಮನೆಯ ತಾಯಿಹಂದಿಯೊಂದರವು. ಅದನ್ನು ನಾವು ದೊಡ್ಡಮ್ಮ ಎನ್ನುತ್ತಿದ್ದೆವು. ಹಿಂದೊಮ್ಮೆ ಜ್ವರ ಬಂದಾಗ ದೊಡ್ಡಿಯಲ್ಲಿ ಉಳಿದದ್ದು ಅದೊಂದೇ. ಅದಕ್ಕೆ ವಯಸ್ಸಾಗಿ ಸಾಯುವ ಹೊತ್ತಿಗೆ ನಾನು ಈ ಕೆಲಸಕ್ಕೆ ಸೇರಿದ್ದೆ. ಜ್ವರಕ್ಕೆ ಜಗ್ಗದ ಜೀವ ಎಂದು ಅದರ ಮೂತ್ರಪಿಂಡದ ಚೂರು ತಂದು ಬೆಳೆಸಿದೆ. ಬಾಟಲಿ ತುಂಬಿದಾಗ ಇನ್ನೊಂದು ಬಾಟಲಿಗೆ ಪಾಲು ಹಾಕುತ್ತೇವೆ, ಅದು ತುಂಬಿದರೆ ಮತ್ತೊಂದಕ್ಕೆ. ದೊಡ್ಡಮ್ಮ ಸತ್ತು ಎಷ್ಟೋ ಕಾಲವಾಯಿತು, ಅದರ ಮೂತ್ರಪಿಂಡ ಮಾತ್ರ ಇನ್ನೂ ಸತ್ತಿಲ್ಲ.

ಒಂದು ಕೋಣೆಯ ಹಂದಿಗಳಿಗೆ ಲಸಿಕೆ ಚುಚ್ಚಿದೆವು, ಪಕ್ಕದ ಕೋಣೆಯವಕ್ಕೆ ಇಲ್ಲ. ಚುಚ್ಚುವಾಗ ಒಂದು ಹಂದಿ ಕೊಸರಿ, ಸೂಜಿ ಗ್ಲೌಸಿನೊಳಕ್ಕೆ ನುಗ್ಗಿ ನನ್ನ ಹೆಬ್ಬೆರಳ ಬುಡಕ್ಕೆ ಇಳಿಯಿತು. ನಮ್ಮ ಕಸುಬಿನಲ್ಲಿ ಇದು ಆಗುವಂಥದ್ದೇ. ಈ ವೈರಾಣು ಮನುಷ್ಯರಿಗೆ ಏನೂ ಮಾಡುವುದಿಲ್ಲ. ಕೈ ತೊಳೆದು ಪಟ್ಟಿ ಅಂಟಿಸಿಕೊಂಡೆ.

"ಇನ್ನು ನಿಮಗೆ ಹಂದಿಜ್ವರ ಬರಲ್ಲ ಬಿಡಿ," ಎಂದರು ತಕ್ಕಡಿ ಸಾಹೇಬರು. ಅಪರೂಪಕ್ಕೆ ಜೋಕು ಮಾಡಿದ್ದಾರೆಂದು ಎಲ್ಲರೂ ನಕ್ಕೆವು.

ಆ ವಾರದಲ್ಲೇ ಲಸಿಕೆ ಹಾಕಿದ ಕೋಣೆಯಲ್ಲಿ ಮೇವು ಉಳಿಯತೊಡಗಿತು. ಓಡಿಹೋಗಿ ಒಂದೊಂದರ ಮೈಬಿಸಿ ನೋಡಿದೆ. ಜ್ವರವಿಲ್ಲ, ಕಣ್ಣು ಸ್ವಚ್ಛ, ಮೂಗು ಒದ್ದೆ, ಕುಣಿಯುವಷ್ಟು ಕಸುವು. ಆದರೂ ಉದ್ದ ತೊಟ್ಟಿಯ ಎಡಮೂಲೆಯಲ್ಲಿ ಒಂದು ಹಿಡಿ ಮೇವು. ಉಳಿದ ತೊಟ್ಟಿ ನೆಕ್ಕಿ ಫಳಫಳ ಮಾಡಿದ್ದವು, ಆ ಹಿಡಿಯನ್ನು ಮಾತ್ರ ಮುಟ್ಟಿರಲಿಲ್ಲ. ಎಲ್ಲವೂ ಎರಡು ಹೆಜ್ಜೆ ಹಿಂದೆ ಸರಿದು, ಮೂಲೆಗೆ ದಾರಿ ಬಿಟ್ಟು ನಿಂತಿದ್ದವು. ಹಂದಿಗಳು ಅಷ್ಟು ಸದ್ದಿಲ್ಲದೆ ನಿಂತದ್ದನ್ನು ನಾನು ಕಂಡವಳಲ್ಲ. ಪಕ್ಕದ ಕೋಣೆಯಲ್ಲಿ ಎಂದಿನಂತೆ ಕಿತ್ತಾಟ, ಕಿರುಚಾಟ ನಡೆದಿತ್ತು.

ನನಗೆ ಗೊತ್ತಿತ್ತು. ಗೊತ್ತಿಲ್ಲವೆಂದು ನನಗೆ ನಾನೇ ಹೇಳಿಕೊಂಡು ಎರಡು ದಿನ ತಳ್ಳಿದೆ. ಆಮೇಲೆ ತಡೆಯಲಾರದೆ ಅಣ್ಣನಿಗೆ ಫೋನ್ ಮಾಡಿದೆ.

"ದೊಡ್ಡಮ್ಮ ಮೇವು ಉಳಿಸ್ತಿತ್ತಲ್ಲ, ಯಾವ ಕಡೆ?"

"ಈಗ ಅದೆಲ್ಲ ಯಾಕೆ? ಎಡಗಡೆ. ಕುಂಟಮರಿಗೆ ಅಂತ." ಅವನ ದನಿ ಮೆತ್ತಗಾಯಿತು. "ಪಾಪ, ಆ ಮರಿ ಕಾಲೆಳಕೊಂಡು ಬರೋ ಹೊತ್ತಿಗೆ ಬೇರೆಯವು ಖಾಲಿ ಮಾಡಿರ್ತಿದ್ವು. ದೊಡ್ಡಮ್ಮ ಒಂದು ಹಿಡಿ ಕಾದು ಇಡ್ತಿತ್ತು. ಮರಿ ಜ್ವರದಲ್ಲಿ ಸತ್ತಮೇಲೂ ಬಿಡಲಿಲ್ಲ ನೋಡು, ಸಾಯೋವರೆಗೂ ಇಟ್ಟಿತು."

ನನ್ನ ಹಂದಿಗಳು ಹುಟ್ಟಿದ್ದು ಸಂಸ್ಥೆಯ ತೊಳೆದ ಕೋಣೆಯಲ್ಲಿ. ಎಲ್ಲವೂ ಎಳೆಯ ಗಂಡುಗಳು. ಮರಿ ಎಂದರೇನೆಂದೇ ಅವಕ್ಕೆ ತಿಳಿಯದು.

ತಕ್ಕಡಿ ಸಾಹೇಬರು ತೂಕದ ಪಟ್ಟಿ ನೋಡಿ ಮುಖ ಗಂಟು ಹಾಕಿದರು. "ಲಸಿಕೆ ಹಾಕಿದವು ಮಾತ್ರ ಮೇವು ಬಿಡ್ತಿವೆ. ಇದು ಲಸಿಕೆಯದೇ ತೊಂದರೆ. ಹೀಗೇ ಮುಂದುವರಿದ್ರೆ ಪರೀಕ್ಷೆ ನಿಲ್ಲಿಸಬೇಕಾಗುತ್ತೆ."

"ಜ್ವರ ಇಲ್ಲ ಸರ್. ಮೈ ತೂಕ ಏರ್ತಾನೇ ಇದೆ."

"ಮತ್ತೆ ಯಾಕೆ ಬಿಡ್ತಿವೆ ಹೇಳಿ."

ಏನು ಹೇಳಲಿ? ಸತ್ತ ಹಂದಿಯೊಂದು ಸತ್ತ ಮರಿಗೆ ಊಟ ಎತ್ತಿಡುತ್ತಿದೆ ಎಂದರೆ ನನ್ನನ್ನು ರಜೆ ಮೇಲೆ ಕಳಿಸುತ್ತಿದ್ದರು. ಪರೀಕ್ಷೆ ನಿಂತರೆ ಮತ್ತೆ ಮೊದಲಿಂದ ಶುರು, ಅಷ್ಟರೊಳಗೆ ಅಣ್ಣನ ದೊಡ್ಡಿ ಮಣ್ಣುಪಾಲು.

"ಆ ಕೋಣೆಯ ತೊಟ್ಟಿ ಎಡಕ್ಕೆ ವಾಲಿದೆ, ಮೂಲೆಯಲ್ಲಿ ನೀರು ನಿಂತು ಮೇವು ಹುಳಿಯಾಗ್ತಿದೆ ಸರ್," ಎಂದೆ. "ಎರಡೂ ಕೋಣೆಗೆ ದುಂಡು ತೊಟ್ಟಿ ಇಡೋಣ."

ತಕ್ಕಡಿ ಸಾಹೇಬರು ಒಪ್ಪಿದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮೂಲೆಯೇ ಇಲ್ಲದಿದ್ದರೆ ಉಳಿಸುವುದೆಲ್ಲಿ?

ಮರುದಿನ ಉಳಿದ ಮೇವಿನ ತೂಕ ಸೊನ್ನೆ. ಆದರೆ ಲಸಿಕೆಯ ಹಂದಿಗಳು ತಿಂದಾದ ಮೇಲೆ ಮಲಗಲಿಲ್ಲ. ದುಂಡು ತೊಟ್ಟಿಯ ಅಂಚಿಗೆ ಮೂತಿ ಒತ್ತಿ ಸುತ್ತತೊಡಗಿದವು. ಒಂದರ ಹಿಂದೆ ಒಂದು, ಒಂದೇ ದಿಕ್ಕಿಗೆ, ಗುಟುರು ಕೂಡ ಇಲ್ಲ. ಗೊರಸಿನ ಟಕಟಕ ಮಾತ್ರ. ಕ್ಯಾಮೆರಾದ ಚಿತ್ರ ಓಡಿಸಿ ನೋಡಿದರೆ, ದೀಪ ಆರಿದ ಮೇಲೂ ಅದೇ ಸುತ್ತು. ಮೂತಿಯ ಚರ್ಮ ಸುಲಿದಿತ್ತು. ಮುಲಾಮು ಹಚ್ಚಿದೆ. ಹಳೆಯ ತೊಟ್ಟಿ ಹೊರಗೆ ಪಡಸಾಲೆಯಲ್ಲೇ ಬಿದ್ದಿತ್ತು. ನಾನು ಅದನ್ನು ಒಳಗೆ ತರಲಿಲ್ಲ.

ಕೊನೆಗೆ ಎರಡೂ ಕೋಣೆಗೆ ಹಲ್ಲು ಕೀಳದ ನಿಜವಾದ ವೈರಾಣು ಕೊಟ್ಟಾಗ ಪಕ್ಕದ ಕೋಣೆಯವು ಒಂದೊಂದಾಗಿ ಸತ್ತವು. ಲಸಿಕೆಯವು ಒಂದೂ ಸಾಯಲಿಲ್ಲ, ಸುತ್ತುತ್ತಲೇ ಇದ್ದವು. ಪರೀಕ್ಷೆ ಮುಗಿದರೆ ಉಳಿದವನ್ನೂ ಕೊಲ್ಲಲೇಬೇಕು, ನಿಯಮ. ಕೊನೆಯ ಹಂದಿ ಮಂಪರು ಹತ್ತಿ ಕುಸಿಯುವಾಗಲೂ ಅದರ ಮೂತಿ ತೊಟ್ಟಿಯ ಅಂಚನ್ನು ಬಿಡಲಿಲ್ಲ.

ಲಸಿಕೆಗೆ ತುರ್ತು ಒಪ್ಪಿಗೆ ಸಿಕ್ಕಿತು. ಬೇರೆ ತಂಡದವರು ಹೋಗಿ ಅಣ್ಣನ ಹಂದಿಗಳಿಗೆ ಹಾಕಿದರು. ಸುತ್ತಲ ದೊಡ್ಡಿಗಳು ಬರಿದಾದವು, ಅವನದು ಉಳಿಯಿತು. ಫೋನಿನಲ್ಲಿ ಅವನು ಅತ್ತ, ನಾನೂ ಅತ್ತೆ. ನಿರ್ಬಂಧ ತೀರಿದ ದಿನವೇ ಹೊರಟುಬಿಟ್ಟೆ.

ಅಣ್ಣ ಕೈ ಹಿಡಿದು ಸೀದಾ ದೊಡ್ಡಿಗೇ ಕರೆದೊಯ್ದ. ಉದ್ದ ತೊಟ್ಟಿ, ಎಡಮೂಲೆಯಲ್ಲಿ ಒಂದು ಹಿಡಿ. ಹಂದಿಗಳು ದಾರಿ ಬಿಟ್ಟು ನಿಂತಿದ್ದವು.

"ದೊಡ್ಡಮ್ಮನ ಬುದ್ಧಿ ಎಲ್ಲಕ್ಕೂ ಬಂದಿದೆ ನೋಡು," ಎಂದು ನಕ್ಕ. ಅವನಿಗೆ ಭಯವೇ ಇರಲಿಲ್ಲ. "ಬೆಳಿಗ್ಗೆ ಬಂದ್ರೆ ಖಾಲಿ ಆಗಿರುತ್ತೆ. ಇಲಿ ತಿನ್ನುತ್ತೇನೋ."

"ನಿಮ್ಮ ದೊಡ್ಡೀಲಿ ಇಲಿ ಇದೆಯಾ?"

"ಇಲ್ಲ," ಎಂದ. ಆಮೇಲೆ ಇಬ್ಬರೂ ಮನೆಯೊಳಗೆ ಬಂದೆವು.

ಅತ್ತಿಗೆ ಊಟಕ್ಕಿಟ್ಟರು. ತುಂಬ ಹಸಿದಿದ್ದೆ, ಗಬಗಬ ತಿಂದೆ. ಅಣ್ಣ ಏನೋ ಹೇಳುತ್ತಿದ್ದವನು ನಡುವೆಯೇ ಮಾತು ನಿಲ್ಲಿಸಿದ. ಅವನು ನನ್ನ ಕೈಯನ್ನೇ ನೋಡುತ್ತಿದ್ದ. ನಾನೂ ನೋಡಿದೆ. ಕೊನೆಯ ತುತ್ತು ಬೆರಳಲ್ಲಿತ್ತು. ಕೈ ದುಂಡು ತಟ್ಟೆಯ ಅಂಚಿನಲ್ಲಿ ಸುತ್ತುತ್ತಿತ್ತು, ಸುತ್ತುತ್ತಲೇ ಇತ್ತು. ಯಾವಾಗಿನಿಂದಲೋ ತಿಳಿಯದು. ನಿಲ್ಲಿಸಲು ಹೋದೆ, ಆಗಲಿಲ್ಲ. ಎಂಥದೋ ಸಂಕಟ, ಯಾರನ್ನೋ ಹೊರಗೆ ಬಿಟ್ಟು ಬಾಗಿಲು ಹಾಕಿಕೊಂಡ ಹಾಗೆ. ಆ ಮೂಕಪ್ರಾಣಿಗಳನ್ನು ಹಗಲೂ ರಾತ್ರಿ ನಾನು ಸುತ್ತಿಸಿದ್ದು ಈ ಸಂಕಟದಲ್ಲೇ.

"ಊಟ ಸೇರಲಿಲ್ವಾ?" ಎಂದರು ಅತ್ತಿಗೆ, ತಟ್ಟೆ ಎತ್ತಲು ಬಗ್ಗಿ.

"ಬೇಡ, ಇರಲಿ ಅತ್ತಿಗೆ. ಅದಿನ್ನೂ ಬಂದಿಲ್ಲ."

ಅತ್ತಿಗೆ ಹಾಗೇ ನಿಂತುಬಿಟ್ಟರು. ಅಣ್ಣ ಎದ್ದು ಹೋಗಿ, ಲೋಟಗಳನ್ನು ಕೆಳಗಿಳಿಸಿ, ಅವನ್ನಿಟ್ಟಿದ್ದ ಚೌಕದ ಟ್ರೇ ತಂದು ನನ್ನ ಮುಂದೆ ಇಟ್ಟ. ತುತ್ತನ್ನು ಅದರ ಎಡಮೂಲೆಯಲ್ಲಿ ಇಟ್ಟೆ. ಕೈ ನಿಂತಿತು. ಆಮೇಲೆ ಮೂವರೂ ಸ್ವಲ್ಪ ಹಿಂದೆ ಸರಿದು, ದಾರಿ ಬಿಟ್ಟು ಕೂತೆವು.