ಕಿವಿ ಮಷೀನಿನ ಸೆಲ್ಲು

ಮಡಿಕೆಯಕ್ಕನ ಮನೆಯಲ್ಲಿ ಯಾವ ವಸ್ತುವಿಗೂ ಸುಲಭವಾಗಿ ಮುಕ್ತಿ ಸಿಗುತ್ತಿರಲಿಲ್ಲ. ಸೋಪು ಸವೆದು ಬೆರಳಿಗೆ ಸಿಗದಷ್ಟು ತೆಳ್ಳಗಾದರೆ ಅದನ್ನು ನೆನೆಸಿ ಹೊಸ ಸೋಪಿನ ಬೆನ್ನಿಗೆ ಅಂಟಿಸಬೇಕು. ಟೂತ್‌ಪೇಸ್ಟಿನ ಟ್ಯೂಬನ್ನು ಹಿಂಡಿ ಹಿಂಡಿ ಕೈ ಸೋತ ಮೇಲೆ ಕತ್ತರಿಯಲ್ಲಿ ಸೀಳಿದರೆ ಇನ್ನೂ ಐದು ದಿನ ಬರುತ್ತದೆ. ಬಟ್ಟೆ ಜಾಲಿಸಿದ ನೀರು ನೆಲ ಒರೆಸುವುದಕ್ಕೆ, ನೆಲ ಒರೆಸಿದ ನೀರು ಪಾಯಿಖಾನೆಗೆ. ಅನ್ನದ ಪಾತ್ರೆ ಚೆನ್ನಾಗಿ ಕುದಿ ಬಂದ ಕೂಡಲೇ ಒಲೆಯಿಂದಿಳಿದು ಹಳೆಯ ಕಂಬಳಿಯೊಳಗೆ ಹೊಕ್ಕು ಕೂರಬೇಕು, ಮಿಕ್ಕಿದ್ದನ್ನು ತನ್ನ ಬಿಸಿಯಲ್ಲಿ ತಾನೇ ಬೇಯಿಸಿಕೊಳ್ಳಬೇಕು. ನಡುವೆ ಸವೆದ ಮೇಲುಹಾಸನ್ನು ಉದ್ದಕ್ಕೆ ಹರಿದು, ಅಂಚುಗಳನ್ನು ನಡುವಿಗೆ ತಂದು ಹೊಲಿದರೆ ಇನ್ನೆರಡು ವರ್ಷ ಮಲಗಬಹುದು, ಬೆನ್ನಿಗೆ ಹೊಲಿಗೆ ಒತ್ತುತ್ತದೆ ಎಂದು ಗೊಣಗದಿದ್ದರೆ.

ಇವೆಲ್ಲ ಯಾರಾದರೂ ಮಾಡಿಯಾರು. ಅವಳದೇ ಆದ ಉಪಾಯವೆಂದರೆ ತಾರೀಖು. ಮನೆಯಲ್ಲಿ ಏನನ್ನೇ ಒಡೆದರೂ, ಎಣ್ಣೆಯಾಗಲಿ ಚಹಾಪುಡಿಯಾಗಲಿ ಬೆಂಕಿಪೊಟ್ಟಣವಾಗಲಿ, ಅದರ ಮೈಮೇಲೆ ಪೆನ್ಸಿಲ್ಲಿನಲ್ಲಿ ಆ ದಿನದ ತಾರೀಖು ಬೀಳಬೇಕು. ಸೋಪು ಇಪ್ಪತ್ತನಾಲ್ಕು ದಿನ ಬಾಳಬೇಕು, ಚಹಾಪುಡಿ ಹದಿನೆಂಟು. ಎರಡು ದಿನ ಮೊದಲೇ ಮುಗಿದರೆ ಮನೆಯಲ್ಲಿ ವಿಚಾರಣೆ. ಮಗಳು ಮದುವೆಯಾಗಿ ದೂರದ ಊರಿಗೆ ಹೋದ ಮೇಲೆ ವಿಚಾರಣೆಗೆ ಉಳಿದದ್ದು ಯಜಮಾನರೊಬ್ಬರೇ. ಪಾಪ, ಅವರು ಎಂದೂ ಎದುರಾಡಿದವರಲ್ಲ.

ಮಡಿಕೆಯಕ್ಕ ಎಂಬ ಹೆಸರು ಬಿದ್ದದ್ದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಇಪ್ಪತ್ತೆಂಟು ವರ್ಷದಿಂದ ಅವಳು ಅಲ್ಲಿ ರೋಗಿಗಳ ಮೇಲುಹಾಸುಗಳನ್ನು ಮಡಿಸುತ್ತಿದ್ದಳು. ಒಣಗಿಸುವ ಯಂತ್ರದ ಬಾಯಿಂದ ಸುಡುಸುಡು ಬಟ್ಟೆ ಎಳೆ, ಕೊಡವು, ಮೂಲೆಗೆ ಮೂಲೆ ಕೂಡಿಸು, ಮಡಿಸು, ಒಟ್ಟು, ಮತ್ತೆ ಎಳೆ. ದಿನಕ್ಕೆ ಮುನ್ನೂರಕ್ಕೆ ಕಡಿಮೆಯಿಲ್ಲ. ಅವಳು ಮಡಿಸಿದ ಅಟ್ಟಿಯನ್ನು ದೂರದಿಂದಲೇ ಗುರುತಿಸಬಹುದು ಎಂದು ಮೇಲ್ವಿಚಾರಕಿ ಹೊಸಬರಿಗೆಲ್ಲ ಹೇಳುತ್ತಿದ್ದಳು. ಹೊಗಳಿಕೆ ಚೆನ್ನಾಗಿತ್ತು, ಆದರೆ ಅದು ಭುಜಕ್ಕೆ ಹಚ್ಚುವ ಮುಲಾಮಲ್ಲವಲ್ಲ. ಈಗೀಗ ಬಲಗೈ ಎತ್ತಿ ತಲೆ ಬಾಚಿಕೊಳ್ಳುವುದೂ ಒಂದು ಕೆಲಸವಾಗಿತ್ತು. ಮನೆಯ ಮೂರು ಮಹಡಿ ಹತ್ತುವಾಗ ಎರಡನೆಯ ಮಹಡಿಯಲ್ಲಿ ಚೀಲ ಕೆಳಗಿಟ್ಟು, ಏನೋ ಹುಡುಕುವವಳಂತೆ ನಿಂತು ಸುಧಾರಿಸಿಕೊಳ್ಳುತ್ತಿದ್ದಳು.

ಆ ಚೀಲದೊಳಗೆ ಹತ್ತು ದಿನದಿಂದ ಒಂದು ಅರ್ಜಿಯಿತ್ತು. ವಯಸ್ಸು ತುಂಬಿದವರು ಸಹಿ ಹಾಕಿ ಕೊಟ್ಟರೆ ಇನ್ನೆರಡು ವರ್ಷ ಕೆಲಸ, ಕೊಡದಿದ್ದರೆ ಈ ತಿಂಗಳ ಕೊನೆಗೆ ಬಿಡುಗಡೆ. ನಾಳೆ ಬೆಳಿಗ್ಗೆಯೇ ಕೊನೆಯ ಗಡುವು.

ಬಿಟ್ಟರೆ ಮನೆ ನಡೆಯುವುದಿಲ್ಲ ಎಂದೇನಿಲ್ಲ. ಯಜಮಾನರ ಪಿಂಚಣಿಯಲ್ಲಿ ಬಾಡಿಗೆ ಕಳೆದು ಇಬ್ಬರ ಹೊಟ್ಟೆ ಹೇಗೋ ತುಂಬುತ್ತದೆ. ಹೇಗೆ ತುಂಬುತ್ತದೆ ಎಂಬ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿರಲಿಲ್ಲ. ತೊಂದರೆ ಬೇರೆಯೇ ಇತ್ತು. ಹಲ್ಲುಜ್ಜುವ ಪೇಸ್ಟನ್ನು ಸೀಳುವವಳಿಗೆ ಎರಡು ವರ್ಷದ ಸಂಬಳವನ್ನು ಬಿಟ್ಟುಬಿಡುವುದು ಹೇಗೆಂದು ತಿಳಿಯುತ್ತಿರಲಿಲ್ಲ. ಮದುವೆಯಾದಾಗಿನಿಂದ ಬೇಕು ಬೇಡ ಎಲ್ಲವನ್ನೂ ಅವಳೇ ಹೇಳಿದ್ದಳು. ಈ ಒಂದು ಸಲ, ಈ ಒಂದೇ ಒಂದು ಮಾತನ್ನು ಬೇರೆ ಯಾರಾದರೂ ಹೇಳಲಿ ಎಂದು ಅವಳ ಜೀವ ಹಾತೊರೆಯುತ್ತಿತ್ತು. ಸಾಕು, ಬಿಡು ಅನ್ನಬೇಕು, ಅಷ್ಟೇ.

ಹತ್ತು ದಿನದಲ್ಲಿ ಮೂರು ಸಲ ಯಜಮಾನರ ಮುಂದೆ ಬಾಯಿ ಬಿಟ್ಟಿದ್ದಳು. ಮೊದಲ ಸಲ ತರಕಾರಿ ಹೆಚ್ಚುತ್ತಾ ಕೇಳಿದಳು. ಅವರು ಹ್ಞೂಂ ಎಂದರು. ಹ್ಞೂಂ ಅಂದರೆ ಬಿಡು ಎಂದೋ, ಮುಂದುವರಿಸು ಎಂದೋ? ಎರಡನೆಯ ಸಲ ನೋಡೋಣ ಎಂದರು. ಮೂರನೆಯ ಸಲ ಎದುರಿಗೇ ಕೂತು, ಇನ್ನೇನು ಕಣ್ಣಲ್ಲಿ ನೀರು ಬರಬೇಕು ಅನ್ನುವಾಗ, ನನ್ನ ಕೈಲಿ ಇನ್ನು ಆಗೋದಿಲ್ಲ ಎಂದಳು. ಅವರು ನಕ್ಕು, ತಲೆಯಾಡಿಸಿ, ಎದ್ದು ಹೋಗಿ ಒಳಕೋಣೆಯ ದೀಪ ಆರಿಸಿ ಬಂದರು.

ಅಂದಿನಿಂದ ಅವಳ ಮನಸ್ಸು ಮುರಿದಿತ್ತು. ಮುದ್ರಣಾಲಯದಲ್ಲಿ ಮೂವತ್ತೈದು ವರ್ಷ ಮಷೀನು ಓಡಿಸಿ ಅವರ ಕಿವಿ ಮಂದವಾಗಿತ್ತು ನಿಜ. ಆದರೆ ಮೂರು ತಿಂಗಳ ಹಿಂದೆ ಮಗಳು ಬಂದು, ಹಟ ಹಿಡಿದು, ಅಂಗಡಿಗೆ ಕರೆದುಕೊಂಡು ಹೋಗಿ, ಕಿವಿಯೊಳಗೇ ಅಡಗಿ ಕೂರುವ, ಹೊರಗೆ ಕಾಣದ ಮಷೀನು ಕೊಡಿಸಿದ್ದಳಲ್ಲ? ಈಗ ಕೇಳಿಸುವುದಿಲ್ಲ ಅನ್ನುವ ನೆಪವೂ ಇರಲಿಲ್ಲ. ಕೇಳಿಸಿಯೂ ಹೀಗೆ ಎಂದರೆ ಅವರಿಗೆ ತನ್ನ ಸಂಬಳ ಬೇಕು, ಹೇಳಲು ಬಾಯಿಲ್ಲ, ಅಷ್ಟೇ ಎಂದುಕೊಂಡಳು.

ಅಂದು ಸಂಜೆ ಕೆಲಸದಿಂದ ಬಂದವಳು ಅನ್ನದ ಪಾತ್ರೆಯನ್ನು ಕಂಬಳಿಯಲ್ಲಿ ಸುತ್ತಿಟ್ಟು, ಅರ್ಜಿಯನ್ನು ಮೇಜಿನ ಮೇಲೆ ಹರಡಿದಳು. ಸಹಿ ಹಾಕಿ ಕೈ ತೊಳೆದುಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಪೆನ್ನಿಗಾಗಿ ಮೇಜಿನ ಡ್ರಾಯರಿನಲ್ಲಿ ಕೈಯಾಡಿಸಿದಾಗ ಒಂದು ಚಪ್ಪಟೆ ಪೊಟ್ಟಣ ಸಿಕ್ಕಿತು. ಕಿವಿ ಮಷೀನಿಗೆ ಹಾಕುವ, ಅಂಗಿಯ ಗುಂಡಿಗಿಂತ ಚಿಕ್ಕ ಸೆಲ್ಲುಗಳ ಪೊಟ್ಟಣ. ಆರರಲ್ಲಿ ಎರಡು ಇನ್ನೂ ಒಳಗೇ ಇದ್ದವು. ಮೇಲೆ ಅವಳದೇ ಕೈಬರಹದಲ್ಲಿ ತಾರೀಖು.

ಅಭ್ಯಾಸಬಲ, ಕಣ್ಣು ತಾನಾಗಿಯೇ ಲೆಕ್ಕ ಹಾಕಿತು. ಒಡೆದು ಮೂರು ತಿಂಗಳು. ಸೆಲ್ಲು ವಾರಕ್ಕೊಂದು ಬೇಕು ಎಂದು ಅಂಗಡಿಯವನು ಹೇಳಿದ್ದ. ಈ ಪೊಟ್ಟಣ ಮುಗಿದು, ಇನ್ನೊಂದೂ ಮುಗಿದು, ಮೂರನೆಯದು ಒಡೆದಿರಬೇಕಿತ್ತು. ಮಡಿಕೆಯಕ್ಕನ ಜನ್ಮದಲ್ಲಿ ಒಂದು ವಸ್ತು ಹೆಚ್ಚು ದಿನ ಬಾಳಿದ್ದಕ್ಕೆ ಎದೆ ಧಸಕ್ಕೆಂದದ್ದು ಅದೇ ಮೊದಲು.

ಯಜಮಾನರು ಕಿಟಕಿಯ ಬಳಿ, ದೀಪ ಹಾಕದೆ, ಉಳಿದ ಬೆಳಕಿನಲ್ಲಿ ಕೂತಿದ್ದರು. ಒಂದು ಮಗ್ಗುಲು ಖಾಲಿಯಿರುವ ಹಳೆಯ ಕಾಗದಗಳನ್ನು ಉಕ್ಕಿನ ಪಟ್ಟಿಯಿಟ್ಟು, ಚಾಕುವಿನಿಂದ ನಾಲ್ಕು ನಾಲ್ಕಾಗಿ ಕತ್ತರಿಸುತ್ತಿದ್ದರು. ಅಂಗಡಿಯ ಪಟ್ಟಿ ಬರೆಯುವುದು ಆ ಚೀಟಿಗಳಲ್ಲೇ. ಅವಳು ಪೊಟ್ಟಣವನ್ನು ಅವರ ಮುಖದ ಮುಂದೆ ಅಲ್ಲಾಡಿಸಿ, ಕಿವಿಯ ಕಡೆ ಕೈ ತೋರಿಸಿದಳು.

ಅವರು ಅಂಗಿಯ ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದರು. ಅದರಲ್ಲಿ ಮಷೀನು ಬಾಗಿಲು ತೆರೆದುಕೊಂಡು ಮಲಗಿತ್ತು. ಸೆಲ್ಲು ಪಕ್ಕದಲ್ಲಿ ಬೇರೆಯೇ ಇತ್ತು, ಸುಮ್ಮನಿದ್ದಾಗ ಸವೆಯದಿರಲೆಂದು ಅದರ ಮೈಯಿಂದ ಕಿತ್ತ ಸ್ಟಿಕ್ಕರನ್ನು ಮತ್ತೆ ನೀಟಾಗಿ ಅಂಟಿಸಿದ್ದರು. ಸ್ಟಿಕ್ಕರು ಬಿಡಿಸಿ, ಸೆಲ್ಲು ಕೂರಿಸಿ, ಮಷೀನನ್ನು ಕಿವಿಗೆ ಸಿಕ್ಕಿಸಿಕೊಂಡು, "ಹ್ಞಾ, ಈಗ ಹೇಳು" ಎಂದರು.

ಇನ್ನೂ ಎರಡು ಹೇಗೆ ಉಳಿದವು ಎಂದು ಕೇಳಿದಳು. ಅವರ ಮುಖ ಅರಳಿತು. ವಿಚಾರಣೆಯಲ್ಲಿ ಗೆಲ್ಲುವ ಅವಕಾಶ ಅವರಿಗೆ ಸಿಕ್ಕದ್ದೇ ಅಪರೂಪ. ಮೂರು ತಿಂಗಳಿಗೆ ನಾಲ್ಕೇ ಖರ್ಚಾಗಿದೆ ಎಂದು ಬೆರಳು ಮಡಿಸಿ ತೋರಿಸಿದರು. ಭಾನುವಾರ ಮಗಳ ಫೋನು ಬಂದಾಗ ಹಾಕಿಕೊಳ್ಳುತ್ತಾರಂತೆ. ಸಂಜೆ ರೇಡಿಯೋದಲ್ಲಿ ಸುದ್ದಿ ಬಂದಾಗ, ಮನೆಯೊಡೆಯ ಬಾಡಿಗೆಗೆ ಬಂದಾಗ. ಮಿಕ್ಕಂತೆ ಡಬ್ಬಿಯಲ್ಲೇ.

"ನಾನು ಮಾತಾಡುವಾಗ?"

"ನಿನ್ನ ಮಾತಿಗೆ ಮಷೀನು ಯಾಕೆ? ದೀಪ ಆರಿಸಿ, ನಲ್ಲಿ ಬಿಗಿಯಾಗಿ ತಿರುಗಿಸಿ, ಬಾಗಿಲು ಹಾಕಿ ಅಂತೀಯ, ಅಷ್ಟೇ ತಾನೆ. ಮುಖ ನೋಡಿದ್ರೆ ಗೊತ್ತಾಗುತ್ತೆ."

ಅದರಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಅವಳಿಗೆ ಸಿಟ್ಟು ಬಂತು, ಆದರೆ ಬೆಳಗಿನಿಂದ ದುಡಿದ ಮೈಯಲ್ಲಿ ಸಿಟ್ಟಿಗೂ ನಿಲ್ಲಲು ತ್ರಾಣವಿರಲಿಲ್ಲ. ಪಕ್ಕದ ಸ್ಟೂಲಿನ ಮೇಲೆ ಕುಸಿದು ಕೂತಳು. ಮಗಳ ಮಾತಿಗಿದೆ, ರೇಡಿಯೋಕ್ಕಿದೆ, ಮನೆಯೊಡೆಯನಿಗೂ ಇದೆ, ತನಗೆ ಮಾತ್ರ ಒಂದು ಸೆಲ್ಲಿನಷ್ಟೂ ಬೆಲೆಯಿಲ್ಲವೇ ಎಂದು ಕೇಳಿದಳು.

ಯಜಮಾನರು ಗಲಿಬಿಲಿಗೊಂಡರು. ಚಾಕುವಿನ ಹಿಡಿ ಸವರುತ್ತಾ ಮೆಲ್ಲಗೆ ಹೇಳಿದರು.

"ನೀನೇ ಹೇಳಿದ್ದಲ್ವಾ. ಅಂಗಡೀಲಿ ಇದನ್ನ ಕಿವಿಗಿಟ್ಟಾಗ, ಎಷ್ಟೋ ವರ್ಷದ ಮೇಲೆ ನಿನ್ನ ದನಿ ಸರಿಯಾಗಿ ಕೇಳಿಸ್ತು. ಮೊದಲು ಕೇಳಿಸಿದ್ದೇ ಅದು. ಸೆಲ್ಲಿಗೆ ಎಷ್ಟಾಗುತ್ತೆ, ಬೇಡದಾಗ ಆರಿಸಿಡೋಕೆ ಬರುತ್ತಾ, ಅಂತ ನೀನು ಅಂಗಡಿಯವನನ್ನ ಕೇಳ್ತಿದ್ದೆ."

ಅವಳಿಗೆ ಈಗ ಎಲ್ಲ ಕಣ್ಣಿಗೆ ಕಟ್ಟಿತು. ಗಾಜಿನ ಕಪಾಟು, ಅಂಗಡಿಯವನ ನಗು, ಮಗಳು ಅಪ್ಪನ ಮುಖವನ್ನೇ ನೋಡುತ್ತಾ ನಿಂತದ್ದು. ತಾನು ಅವರಿಗೆ ಬೆನ್ನು ಹಾಕಿ ಸೆಲ್ಲಿನ ಬೆಲೆ ಕೇಳುತ್ತಿದ್ದದ್ದು. ಅಷ್ಟು ವರ್ಷಗಳ ಮೇಲೆ ಗಂಡನ ಕಿವಿಗೆ ತಾನು ಹಾಕಿದ ಮೊದಲ ಮಾತು ಅದು. ಅವರು ಅದನ್ನು ಎಲ್ಲ ಮಾತಿನಂತೆ ಶಿರಸಾವಹಿಸಿ ಪಾಲಿಸಿದ್ದರು.

ಅವಳು ಪೊಟ್ಟಣದಿಂದ ಹೊಸ ಸೆಲ್ಲೊಂದನ್ನು ತೆಗೆದು ಸ್ಟಿಕ್ಕರು ಕಿತ್ತಳು. ಹಳೆಯದು ಇನ್ನೂ ಮುಗಿದಿಲ್ಲ ಎಂದು ಯಜಮಾನರು ಗಾಬರಿಯಿಂದ ಕೈ ಅಡ್ಡ ತಂದರು. ಅವಳು ಕೈ ಸರಿಸಿದಳು. ಸ್ಟಿಕ್ಕರು ತೆಗೆದ ಸೆಲ್ಲು ಒಂದು ನಿಮಿಷ ಗಾಳಿ ಕುಡಿಯಬೇಕು, ಆಮೇಲೆ ಹಾಕಬೇಕು ಎಂದು ಅಂಗಡಿಯವನು ಹೇಳಿದ್ದ. ಆ ಒಂದು ನಿಮಿಷ ಅವಳು ಸೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು ಕಾದಳು. ಆಮೇಲೆ ಅವರ ಕಿವಿಯಿಂದ ಮಷೀನು ಬಿಡಿಸಿ, ಹಳೆಯದರ ಜಾಗಕ್ಕೆ ಅವಳೇ ಅದನ್ನು ಹಾಕಿ, ಬಾಗಿಲು ಮುಚ್ಚಿ, ಮತ್ತೆ ಕಿವಿಗೆ ಸಿಕ್ಕಿಸಿದಳು.

"ನನಗೆ ಸಾಕಾಗಿದೆ ರೀ" ಎಂದಳು.

ಹತ್ತು ದಿನದ ಮಾತನ್ನು ನಾಲ್ಕನೆಯ ಸಲ, ಮೊದಲ ಸಲವೆಂಬಂತೆ ಹೇಳಿದಳು. ಭುಜದ್ದು, ಎರಡನೆಯ ಮಹಡಿಯದ್ದು, ಅರ್ಜಿಯದ್ದು. ಯಜಮಾನರು ಬಾಯಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ, ಇದನ್ನು ಮೊದಲೇ ಕೇಳಿದ್ದೆಯಾ, ನಾನೇನಂದೆ ಎಂದು ಕೇಳಿದರು.

"ಒಂದು ಸಲ ಹ್ಞೂಂ ಅಂದ್ರಿ. ಒಂದು ಸಲ ನೋಡೋಣ ಅಂದ್ರಿ. ಇನ್ನೊಂದು ಸಲ ಎದ್ದುಹೋಗಿ ಲೈಟು ಆರಿಸಿದ್ರಿ."

ಅವರಿಗೆ ಮುಖ ಎತ್ತಲಾಗಲಿಲ್ಲ. ಅವರನ್ನು ಅಲ್ಲಿಗೇ ಬಿಟ್ಟು, ಅನ್ನ ಬೆಂದಿರಬೇಕು ಎಂದು ಅವಳು ಮಂಡಿಗೆ ಕೈಯೂರಿ ಎದ್ದಳು. ಯಜಮಾನರು ಥಟ್ಟನೆ ತಲೆಯೆತ್ತಿದರು.

"ಅದೇನು ಸದ್ದು?"

ಯಾವ ಸದ್ದು ಎಂದಳು.

"ಏಳುವಾಗ ನರಳಿದೆಯಲ್ಲ. ದಿನಾ ಹೀಗೇ ನರಳ್ತೀಯಾ?"

ಅವಳಿಗೆ ಗೊತ್ತಿರಲಿಲ್ಲ. ತಾನು ನರಳುತ್ತೇನೆ ಎಂಬುದೇ ಗೊತ್ತಿರಲಿಲ್ಲ. ಕೇಳುವವರಿಲ್ಲದ ಮನೆಯಲ್ಲಿ ತನ್ನ ನರಳಿಕೆ ತನಗೇ ಕೇಳಿಸದಂತಾಗಿತ್ತು. ಅಡುಗೆಮನೆಗೆ ಹೋದಳು. ಕಂಬಳಿ ಬಿಚ್ಚುವಾಗ ಮುಖಕ್ಕೆ ಹೊಡೆದ ಹಬೆಯ ನೆಪದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ತಟ್ಟೆಗಳನ್ನು ಹಿಡಿದು ಹೊರಗೆ ಬಂದಾಗ ಯಜಮಾನರು ದೀಪ ಹಾಕಿಕೊಂಡು ಮೇಜಿನ ಮುಂದೆ ನಿಂತಿದ್ದರು. ಅರ್ಜಿಯನ್ನು ಬೋರಲು ಹಾಕಿದ್ದರು. ಅದರ ಹಿಂಬದಿ ಪೂರ್ತಿ ಖಾಲಿ. ಉಕ್ಕಿನ ಪಟ್ಟಿಯಿಟ್ಟು, ಮುದ್ರಣಾಲಯದಲ್ಲಿ ಪಳಗಿದ ಕೈಯಲ್ಲಿ, ಚಾಕುವಿನ ಒಂದೇ ಎಳೆತಕ್ಕೆ ಉದ್ದಕ್ಕೊಮ್ಮೆ ಸೀಳಿದರು, ಅಡ್ಡಕ್ಕೊಮ್ಮೆ ಸೀಳಿದರು. ಸಹಿಗೆಂದು ಬಿಟ್ಟ ಜಾಗ ಒಂದು ಚೀಟಿಯ ಹಿಂದೆ ಹೋಯಿತು. ನಾಲ್ಕನ್ನೂ ಕೂಡಿಸಿ, ಅಂಚು ತಟ್ಟಿ, ಗೋಡೆಯ ಮೊಳೆಗೆ ಚುಚ್ಚಿದರು.

ಆಮೇಲೆ ಪೆನ್ಸಿಲ್ಲು ತೆಗೆದುಕೊಂಡು ಮೇಲಿನ ಚೀಟಿಯ ಮೇಲೆ ತಾರೀಖು ಹಾಕಿ, ಕೆಳಗೆ ಬರೆದರು: ಸೆಲ್ಲು, ಮೂರು ಪೊಟ್ಟಣ.

ಮಡಿಕೆಯಕ್ಕ ಓದಿದಳು. ಎಷ್ಟಾಗುತ್ತದೆ ಎಂದು ಕೇಳಲಿಲ್ಲ.