ವಾಲುವ ಸೀಟು

ಹಳೆ ಬಸ್ಸಿನ ಎರಡು ವೈಪರ್ ಮೋಟರ್ ಬೇಕು ಎಂದು ತಂಗಿ ಕೇಳಿದಾಗ ಪರಮೇಶ್ ಯಾಕೆ ಎಂದು ಕೇಳಲಿಲ್ಲ. ಹಾಸನದ ಗುಜರಿಯಲ್ಲಿ ಅವನಿಗೆ ಪರಿಚಯದವರಿದ್ದರು. ಒಂದು ಭಾನುವಾರ ತಂದುಕೊಟ್ಟು ಮರೆತುಬಿಟ್ಟ.

ಪರಮೇಶ್ ಹೊಳೆನರಸೀಪುರದಿಂದ ದಂಡಿಗನಹಳ್ಳಿ ಕಡೆಯ ಹಳ್ಳಿಗಳನ್ನು ಸುತ್ತಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್. ಅವನ ಅಪ್ಪ ತಿಮ್ಮಪ್ಪ ಅದೇ ದಾರಿಯಲ್ಲಿ ಇಪ್ಪತ್ತೆಂಟು ವರ್ಷ ಬಸ್ ಓಡಿಸಿದವನು. ಸಕ್ಕರೆ ಕಾಯಿಲೆಯಿಂದ ಬಲಗಣ್ಣು ಮಂಜಾದ ಮೇಲೆ ಆರು ವರ್ಷದ ಹಿಂದೆ ಸ್ಟೇರಿಂಗ್ ಬಿಟ್ಟ. ಮಾಲೀಕರು ಆ ಜಾಗಕ್ಕೆ ಮಗನನ್ನೇ ಹಾಕಿಕೊಂಡರು. ಮೊದಲ ವಾರ ತಿಮ್ಮಪ್ಪ ಒಂದು ಸಲ ಮಗನ ಬಸ್ಸಿಗೆ ಹತ್ತಿದ್ದ. ಚನ್ನರಾಯಪಟ್ಟಣದಲ್ಲಿ ಇಳಿದವನು ಚೆನ್ನಾಗಿತ್ತು ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲಿಲ್ಲ. ಬೇರೆ ಬಸ್ಸಿನಲ್ಲಿ ವಾಪಸ್ ಬಂದ. ಆಮೇಲೆ ಯಾವತ್ತೂ ಹತ್ತಲಿಲ್ಲ.

ತಂಗಿ ಸೌಜನ್ಯ ಡಿಪ್ಲೊಮಾ ಮುಗಿಸಿ ಹಾಸನದ ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಮನೆಗೆ ಬಂದರೆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಆಡುತ್ತಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಲುಗಾಡದೆ ಕೂತು ಲಾರಿ ಓಡಿಸುವುದು ಅವಳಿಗೆ ಸಾಕಾಗಿತ್ತು. ತೆರೆಯ ಮೇಲಿನ ಗಾಡಿ ವಾಲಿದರೆ ಕೂತವರೂ ವಾಲಬೇಕು, ಬ್ರೇಕ್ ಹೊಡೆದರೆ ಮುಂದಕ್ಕೆ ಬಗ್ಗಬೇಕು, ಅಂಥ ಸೀಟನ್ನು ಕೈಯಾರೆ ಮಾಡಬೇಕೆಂದು ಹಟ ಹಿಡಿದಳು. ಗೇಟು ಮಾಡುವವರ ಹತ್ತಿರ ಕಬ್ಬಿಣದ ಚೌಕಟ್ಟು ವೆಲ್ಡಿಂಗ್ ಮಾಡಿಸಿದಳು. ನಡುವೆ ಎಲ್ಲ ಕಡೆಗೂ ತಿರುಗುವಂತೆ ಹಳೆ ಜೀಪಿನ ಒಂದು ಕೀಲು ಕೂರಿಸಿ, ಅದರ ಮೇಲೆ ಗುಜರಿ ಕಾರಿನ ಸೀಟು ಬಿಗಿದು, ಎದುರಿಗೆ ಆಟದ ಸ್ಟೇರಿಂಗ್ ಕೂರಿಸಿದಳು. ಸೀಟಿನ ಹಿಂದೆ ಎರಡು ಮೋಟರ್. ಎರಡೂ ಒಟ್ಟಿಗೆ ತಳ್ಳಿದರೆ ಸೀಟು ಮುಂದಕ್ಕೆ ಬಗ್ಗುತ್ತದೆ. ಒಂದು ತಳ್ಳಿ ಇನ್ನೊಂದು ಎಳೆದರೆ ಪಕ್ಕಕ್ಕೆ ವಾಲುತ್ತದೆ. ಮೊದಲ ಸಲ ಸ್ವಿಚ್ ಹಾಕಿದಾಗ ಸೀಟಿನ ಮೇಲಿಟ್ಟ ರಾಗಿ ಮೂಟೆ ಎಗರಿ ಗೋಡೆಗೆ ಬಡಿಯಿತು. ಎರಡು ತಿಂಗಳು ಹೆಣಗಿದ ಮೇಲೆ ಮೂಟೆ ಕೂತಲ್ಲೇ ಕೂತು ತೂಗಾಡಿತು.

ಮೂಟೆಯಾದ ಮೇಲೆ ಕೂತವನು ತಿಮ್ಮಪ್ಪ. ಸೌಜನ್ಯ ಕರೆದಿರಲಿಲ್ಲ. ಸದ್ದು ಕೇಳಿ ಬಂದವನು, ಪಂಚೆ ಎತ್ತಿ ಕಟ್ಟಿ, ಹತ್ತಿ ಕೂತು ಸ್ಟೇರಿಂಗ್ ಹಿಡಿದ. ಮೊದಲ ತಿರುವಿನಲ್ಲಿ ಸೀಟು ವಾಲಿದಾಗ ದೊಡ್ಡದಾಗಿ ನಕ್ಕ.

"ಅಯ್ಯಯ್ಯೋ, ಬದ್ಕಿರೋ ಗಾಡಿ ಕಣವ್ವ ಇದು!"

ಡ್ಯೂಟಿ ಮುಗಿಸಿ ಬಂದ ಪರಮೇಶ್ ಬಾಗಿಲಲ್ಲಿ ನಿಂತು ಆ ನಗು ಕೇಳಿದ. ಅಪ್ಪ ಹಾಗೆ ನಕ್ಕದ್ದನ್ನು ಅವನು ಆರು ವರ್ಷದಿಂದ ಕಂಡಿರಲಿಲ್ಲ. ಎದೆಯೊಳಗೆ ಏನೋ ಚುಚ್ಚಿತು. ಕೈಕಾಲು ತೊಳೆದು ಊಟಕ್ಕೆ ಕೂತರೂ ಅದು ಹೋಗಲಿಲ್ಲ.

ಅಂದಿನಿಂದ ತಿಮ್ಮಪ್ಪ ದಿನಾ ಆ ಸೀಟಿನಲ್ಲಿ. ಮನೆಗೆ ಯಾರೇ ಬರಲಿ, "ನನ್ ಮಗ್ಳು ಮಾಡಿರದು, ಬನ್ನಿ ನೋಡಿ" ಎಂದು ಕೈಹಿಡಿದು ಕರೆದೊಯ್ಯುತ್ತಿದ್ದ. ನೆಂಟರು, ಹಾಲು ಹಾಕುವವರು, ಮೀಟರ್ ಓದುವವನು, ಎಲ್ಲರೂ ಒಂದೊಂದು ಸಲ ಕೂತು ಹೋದರು. ನನ್ನ ಮಗ ದಿನಕ್ಕೆ ನಾಲ್ಕು ಟ್ರಿಪ್ ಬಸ್ ಓಡಿಸುತ್ತಾನೆ ಎಂದು ಅಪ್ಪ ಒಬ್ಬರಿಗಾದರೂ ಹೇಳಿದ್ದನೇ? ಪರಮೇಶ್ ನೆನಪು ಕೆದಕಿ ನೋಡಿದ. ಹೇಳಿರಲಿಲ್ಲ.

"ಆಟದ್ ಸಾಮಾನು ಅದು. ಅದ್ಕೆ ಇಷ್ಟೊಂದಾ?" ಎಂದು ಒಂದು ದಿನ ಅಂದೇಬಿಟ್ಟ.

"ನೀನೂ ಕೂತ್ಕ ಬಾ ಅಣ್ಣ, ಗೊತ್ತಾಯ್ತದೆ," ಎಂದಳು ಸೌಜನ್ಯ.

"ನಾ ಬೆಳಗಿಂದ ಕೂತೇ ಬಂದಿರದು."

ತಿಮ್ಮಪ್ಪನಿಗೆ ಇದ್ದ ತಕರಾರು ಒಂದೇ. ಆಟದಲ್ಲಿನ ರಸ್ತೆಗಳೆಲ್ಲ ಹೊರದೇಶದವು. "ಬಲಗಡೆ ಓಡ್ಸಬೇಕಂತೆ! ನಮ್ ರೋಡ್ ಇಲ್ವೇನವ್ವ ಇದ್ರಲ್ಲಿ?" ಎಂದು ಕೇಳುತ್ತಲೇ ಇದ್ದ. ಸೌಜನ್ಯ ಯೋಚಿಸಿ ಅಣ್ಣನ ಹತ್ತಿರ ಬಂದಳು. ಅವನ ಬಸ್ಸಿನ ಮುಂಗಾಜಿನ ಬಳಿ ತನ್ನ ಫೋನು ಕಟ್ಟುವುದಾಗಿ ಹೇಳಿದಳು. ಅದು ರಸ್ತೆಯ ವಿಡಿಯೋ ಹಿಡಿಯುತ್ತದೆ, ಬಸ್ಸು ಎಲ್ಲಿ ಎಷ್ಟು ವಾಲಿತು, ಎಲ್ಲಿ ಬ್ರೇಕ್ ಬಿತ್ತು ಎಂದೂ ಬರೆದುಕೊಳ್ಳುತ್ತದೆ. ಅದನ್ನೇ ಸೀಟಿಗೆ ಹಾಕಿದರೆ ಅಪ್ಪ ಮನೆಯಲ್ಲೇ ಕೂತು ಆ ದಾರಿಯಲ್ಲಿ ಹೋಗಿಬರಬಹುದು ಎಂದಳು.

"ಅಪ್ಪಂಗೆ ಏಳ್ಬ್ಯಾಡ ಅಣ್ಣ, ಸರ್ಪ್ರೈಸು."

ಪರಮೇಶ್ ಆಯ್ತು ಎಂದ.

ಮಾರನೆಯ ಬೆಳಗ್ಗೆ ಅವಳು ಫೋನು ಕಟ್ಟಿ ಹೋದಳು. ಬಸ್ಸು ಊರು ಬಿಡುವವರೆಗೂ ಸರಿಯಾಗೇ ಇತ್ತು. ಆಮೇಲೆ ಆ ಫೋನಿನ ಕಡೆ ಕಣ್ಣು ಹೋದಂತೆಲ್ಲ ಅವನ ತಲೆ ಬಿಸಿಯಾಯಿತು. ದಾರಿ ತನ್ನದು, ಬಸ್ಸು ತನ್ನದು, ಬೆವರು ತನ್ನದು. ಅಪ್ಪ ಮಾತ್ರ ಹೊಗಳುವುದು ಅವಳನ್ನು. ಈ ರೆಕಾರ್ಡಿಂಗ್ ಕೆಟ್ಟುಹೋಗಲಿ, ಕೂತವರು ಎದ್ದು ಓಡುವಂತಾಗಲಿ ಅನ್ನಿಸಿತು. ಅನ್ನಿಸಿದ್ದೇ ತಡ, ಪಾದ ಕೆಲಸ ಶುರು ಮಾಡಿತ್ತು. ತಿರುವುಗಳನ್ನು ಜೋರಾಗಿ ತಗೊಂಡ. ಬೇಡದ ಕಡೆ ಬ್ರೇಕ್ ಒತ್ತಿದ.

"ಯಾಕಣ್ಣ ಇವತ್ತು ಇಂಗೆ?" ಎಂದು ಕಂಡಕ್ಟರ್ ಸಂಜಯ್ ಹಿಂದಿನಿಂದ ಕೂಗಿದ.

ಕೆರೆ ಏರಿಯ ಮೇಲೆ ಬಸವಲಿಂಗಮ್ಮ ಇಳಿಯಲೆಂದು ಎದ್ದು ಮುಂದಕ್ಕೆ ಬಂದಳು. ಸೊಪ್ಪು ಮಾರುವ ಹೆಂಗಸು, ದಿನಾ ಅದೇ ಬಸ್ಸಿಗೆ ಬರುವವಳು. ಅವಳು ನಿಂತಿದ್ದು ಅವನಿಗೆ ಕನ್ನಡಿಯಲ್ಲಿ ಕಂಡಿತ್ತು. ಕಾಲು ಆಗಲೇ ಬ್ರೇಕಿನ ಮೇಲೆ ಬಿದ್ದಾಗಿತ್ತು. ಬಸ್ಸು ಕಿರುಚಿ ನಿಂತಿತು. ಬಸವಲಿಂಗಮ್ಮನ ಬಾಯಿ ಕಂಬಿಗೆ ಬಡಿದು ತುಟಿ ಒಡೆಯಿತು. ಸೆರಗಿನಿಂದ ರಕ್ತ ಒತ್ತಿಕೊಂಡು, "ನಾಯಿ ಅಡ್ಡ ಬಂತೇನಪ್ಪ?" ಎಂದಳು.

"ಊಂನಮ್ಮ. ನಾಯಿ," ಎಂದ ಪರಮೇಶ್.

ಉಳಿದ ದಾರಿಯನ್ನು ಅವನು ಹಾಲಿನ ಕ್ಯಾನು ಹೊತ್ತವನ ಹಾಗೆ ಮೆಲ್ಲಗೆ ಓಡಿಸಿದ. ಸಂಜೆ ಫೋನು ಬಿಚ್ಚಿ ಕೊಡುವಾಗ, ಅಳಿಸಿಬಿಡು ಎಂದು ಹೇಳಬೇಕೆಂದುಕೊಂಡ. ಹೇಳಲಿಲ್ಲ.

ಭಾನುವಾರ ಸೌಜನ್ಯ ಅಪ್ಪನನ್ನು ಸೀಟಿನಲ್ಲಿ ಕೂರಿಸಿದಳು. ಯಾವ ಬಸ್ಸು ಎಂದು ಹೇಳಲಿಲ್ಲ. ತೆರೆಯ ಮೇಲೆ ತನ್ನ ರಸ್ತೆ ಕಂಡದ್ದೇ ತಿಮ್ಮಪ್ಪ ಮುಂದಕ್ಕೆ ಬಗ್ಗಿ ಕೂತ. ಹುಣಸೆಮರ, ಹಾಲಿನ ಡೇರಿ, ಶಾಲೆ, ಒಂದೊಂದರ ಹೆಸರೂ ಹೇಳಿದ. ಸ್ವಲ್ಪ ಹೊತ್ತಿಗೆ ಮಾತು ನಿಂತಿತು. ಸೀಟು ಎತ್ತಿ ಎತ್ತಿ ಹಾಕತೊಡಗಿತ್ತು. ಸೌಜನ್ಯ ಗಾಬರಿಯಾಗಿ ವೈರು ನೋಡಿದಳು.

"ನಿನ್ ಮಿಸಿನ್ದು ತಪ್ಪಲ್ಲ ಕಣವ್ವ, ಬುಡು," ಎಂದ ತಿಮ್ಮಪ್ಪ. "ಓಡ್ಸೋನ್ದು."

ಕೆರೆ ಏರಿ ಬಂತು. ಸೀಟು ಗಕ್ಕನೆ ಮುಂದಕ್ಕೆ ಬಗ್ಗಿತು. ತಿಮ್ಮಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಒತ್ತಿ ಹಿಡಿದ.

"ರೋಡ್ ಖಾಲಿ ಅದೆ. ನಾಯಿಲ್ಲ, ನರಿಯಿಲ್ಲ. ಯಾಕ್ ಬ್ರೇಕ್ ಒಡ್ದ? ಯಾವನೋ ಸಿಟ್ಟ್ ಮಾಡ್ಕಂಡ್ ಓಡ್ಸವ್ನೆ. ಸಿಟ್ಟು ಕಾಲಿಗೆ ಇಳ್ದದೆ. ಯಾವ್ದವ್ವ ಈ ಬಸ್ಸು?"

ಸೌಜನ್ಯ ಬಾಗಿಲಲ್ಲಿ ನಿಂತಿದ್ದ ಅಣ್ಣನ ಮುಖ ನೋಡಿದಳು.

"ನಂದು," ಎಂದ ಪರಮೇಶ್.

ತಿಮ್ಮಪ್ಪ ತಿರುಗಲಿಲ್ಲ. "ಯಾರ್ಗಾದ್ರೂ ಏಟಾಯ್ತಾ?"

"ಬಸವಲಿಂಗಮ್ಮಂಗೆ. ತುಟಿ ಒಡೀತು. ನಾಯಿ ಬಂತು ಅಂತ ಸುಳ್ ಏಳ್ದೆ."

"ಯಾರ್ ಮ್ಯಾಲ್ಲಾ ಸಿಟ್ಟು?"

"ಇವ್ಳ ಮ್ಯಾಲೆ." ಪರಮೇಶ್ ನಿಲ್ಲಿಸಲಿಲ್ಲ. "ಸಿಟ್ಟಲ್ಲ, ಒಟ್ಟೆಕಿಚ್ಚು. ಆರು ವರ್ಸ ಆಯ್ತು, ನನ್ ಬಸ್ ಅತ್ತಿದ್ದು ಒಂದೇ ಸಲ ನೀನು. ಇದ್ರಾಗೆ ದಿನಾ ಕೂತ್ಕತೀಯ. ಊರೋರ್ನೆಲ್ಲ ಕರ್ದು ತೋರಿಸ್ತೀಯ."

ಸೌಜನ್ಯ ಸ್ವಿಚ್ ಆರಿಸಿದಳು. ತಿಮ್ಮಪ್ಪ ಸ್ಟೇರಿಂಗ್ ಮೇಲಿನ ತನ್ನ ಕೈಗಳನ್ನು ನೋಡಿಕೊಂಡ.

"ಅವತ್ ನೀ ಚೆನ್ನಾಗೇ ಓಡಿಸ್ದೆ ಕಣ್ಲಾ," ಎಂದ. "ಅದ್ಕೇ ನಂಗೆ ತಡ್ಕಳಕ್ ಆಗ್ನಿಲ್ಲ. ನನ್ ಬಸ್ಸಲ್ಲಿ ನಾನು ಟಿಕೆಟ್ ತಗಂಡು ಇಂದ್ಗಡೆ ಕೂತಿವ್ನಿ. ನೀ ಗೇರ್ ಆಕಿದಂಗೆಲ್ಲ ನಂಗೆ ಒಟ್ಟೇಲಿ ಬೆಂಕಿ ಬೀಳದು. ಮಗನ್ ಮ್ಯಾಲೆ ಇಂಗಾಯ್ತದಲ್ಲ ಅಂತ ನಾಚ್ಕೆ ಆಗೋಯ್ತು. ಅದ್ಕೇ ಅತ್ನಿಲ್ಲ."

ಹತ್ತಿರ ಬಂದ ಪರಮೇಶನನ್ನು ತಿಮ್ಮಪ್ಪ ಕೈಯೆತ್ತಿ ತಡೆದ.

"ಮೊದ್ಲು ಓಗಿ ಆ ಎಂಗಸ್ಗೆ ನಿಜ ಏಳ್ಬುಟ್ ಬಾ. ನನ್ನ್ ಆಮ್ಯಾಕ್ ನೋಡ್ಕಳವಂತೆ."

ಅಂದು ಮಧ್ಯಾಹ್ನವೇ ಹೋದ. ಬಸವಲಿಂಗಮ್ಮ ಜಗಲಿಯ ಮೇಲೆ ಸೊಪ್ಪು ಕಟ್ಟುತ್ತಿದ್ದಳು. ತುಟಿ ಇನ್ನೂ ಊದಿತ್ತು. ಯಾವ ನಾಯಿಯೂ ಬಂದಿರಲಿಲ್ಲ ಎಂದು ಹೇಳಿದ.

"ನಂಗೊತ್ತು ಬುಡಪ್ಪ. ನಾ ಮುಂದ್ಗಡೇನೇ ನಿಂತಿದ್ನಲ್ಲ," ಎಂದಳು. "ನಿಂಗೇ ನಾಚ್ಕೆ ಆಗ್ಲಿ ಅಂತ ನಾಯಿ ಅಂದೆ." ಕೂರು ಎನ್ನಲಿಲ್ಲ, ನೀರು ಬೇಕೇ ಎನ್ನಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ.

ಮುಂದಿನ ವಾರ ಪರಮೇಶ್ ತಾನೇ ತಂಗಿಯ ಫೋನು ಕೇಳಿ ತಗೊಂಡು ಹೋಗಿ ಕಟ್ಟಿದ. ಆ ರೆಕಾರ್ಡಿಂಗ್ ಹಾಕಿದ ದಿನ ತಿಮ್ಮಪ್ಪ ಕೆರೆ ಏರಿ ದಾಟುವವರೆಗೆ ಬಾಯಿ ಬಿಡಲಿಲ್ಲ. ಆಮೇಲೆ, "ಈ ಉಬ್ಬಲ್ಲಿ ನಾನಾಗಿದ್ರೆ ಇನ್ನೊಸಿ ಮುಂಚೆ ಗೇರ್ ಇಳಿಸ್ತಿದ್ದೆ" ಎಂದ.

"ಆವಾಗ ಈ ಉಬ್ಬು ಎಲ್ಲಿತ್ತು? ಓದ್ ವರ್ಸ ಆಕಿರದು ಇದು."

"ಉಬ್ ಇಲ್ದಿದ್ರೂ ಇಳಿಸ್ತಿದ್ದೆ ಕಣ್ಲಾ!"

ಅಪ್ಪ, ಮಗ ಇಬ್ಬರೂ ತೆರೆಗೆ ಬೆರಳು ತೋರಿಸಿ ಜಗಳಕ್ಕೆ ಬಿದ್ದರು. ಮತ್ತೆ ಹಾಕಿಸಿದರು, ಮತ್ತೆ ನಿಲ್ಲಿಸಿದರು. ಯಾವ ತಿರುವಿಗೆ ಯಾವ ಗೇರು, ಎಲ್ಲಿ ಹಾರನ್, ಎಲ್ಲಿ ಬೇಡ. ಗಂಟೆಯಾದರೂ ಮಾತು ಮುಗಿಯಲಿಲ್ಲ. ಸೀಟು ಎಷ್ಟು ನಯವಾಗಿ ತೂಗಿತು ಎಂದು ಇಬ್ಬರಲ್ಲಿ ಒಬ್ಬರೂ ಹೇಳಲಿಲ್ಲ.

ಸೌಜನ್ಯ ಗೋಡೆಗೊರಗಿ ನಿಂತು ನೋಡುವಷ್ಟು ನೋಡಿದಳು. ಆಮೇಲೆ ವೈರು ಕಿತ್ತಳು.

"ಏಳಿ ಇಬ್ರೂ. ಇದು ನಾನು ಆಡಕ್ಕೆ ಮಾಡ್ಕಂಡಿರದು."