ಎರಡನೇ ಬ್ರೇಕು

ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದ ಮೇಷ್ಟ್ರಿಗೆ ಸ್ವಂತ ಮಗಳನ್ನು ಸ್ಟೀರಿಂಗ್ ಮುಂದೆ ಕೂರಿಸುವುದೇ ದೊಡ್ಡ ಸಾಹಸವಾಗಿತ್ತು. ಅವಳೇನು ಕಲಿಯದವಳಲ್ಲ. ಲೈಸೆನ್ಸ್ ಇತ್ತು, ಕೈ ಪಳಗಿತ್ತು, ಅದಕ್ಕಿಂತ ಒಂದು ತೂಕ ಜಾಸ್ತಿಯೇ ಜಂಬವೂ ಇತ್ತು. ಆ ಜಂಬದಲ್ಲೇ ಎರಡು ವರ್ಷದ ಹಿಂದೆ, ಇಟ್ಟಿಗೆ ಗೂಡಿನ ಇಳಿಜಾರಿನಲ್ಲಿ, "ನಿಧಾನ ಮಗಳೇ" ಎಂದ ಅಪ್ಪನ ಮಾತನ್ನು ನಕ್ಕು ತಳ್ಳಿಹಾಕಿ, ಮನೆಯ ಕಾರನ್ನು ಗೋಡೆಗೆ ಗುದ್ದಿದ್ದಳು. ಅವಳಿಗೆ ತರಚು ಗಾಯ. ಪಕ್ಕದಲ್ಲಿ ಕೂತಿದ್ದ ಅಪ್ಪನ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಅಂದಿನಿಂದ ಅವಳು ಕಾರು ಮುಟ್ಟಿರಲಿಲ್ಲ. ಅಪ್ಪನ ಕಾಲನ್ನೂ ಅಷ್ಟೆ. ಕೆಲಸದಲ್ಲಿ ನರ್ಸು, ಯಾರ್ಯಾರದೋ ಹುಣ್ಣು ತೊಳೆದು ಪಟ್ಟಿ ಕಟ್ಟುವವಳು. ಆದರೆ ಅಪ್ಪ ಮೊಂಡುಗಾಲಿಗೆ ಕಾಲುಚೀಲ ಏರಿಸಿ ಕೃತಕ ಕಾಲು ತೊಡುವ ಹೊತ್ತಿಗೆ ಸರಿಯಾಗಿ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು.

ಈಗ ಆಸ್ಪತ್ರೆಯವರು ಬೆಟ್ಟದಾಚೆಯ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ ಕೊಡುತ್ತೇವೆ ಅಂದಿದ್ದರು. ಅವಳು ಹಂಬಲಿಸಿ ಕಾದಿದ್ದ ಕೆಲಸ. ಆದರೆ ಗಾಡಿ ತಾನೇ ಓಡಿಸಬೇಕು. ಇವತ್ತು ಸಂಜೆಯೊಳಗೆ ಹೂಂ ಅನ್ನಬೇಕು, ಇಲ್ಲವೇ ಬಿಟ್ಟುಕೊಡಬೇಕು.

"ಆಗಲ್ಲ ಅಂತ ಹೇಳಿಬಿಡ್ತೀನಿ," ಅಂದಳು ಬೆಳಗ್ಗೆ ತಟ್ಟೆ ತೊಳೆಯುತ್ತ.

"ಹೇಳು. ಅದಕ್ಕೂ ಮೊದಲು ನನ್ನ ಒಂದು ಸುತ್ತು ಕರ್ಕೊಂಡು ಹೋಗು," ಅಂದ ಅಪ್ಪ. ಹಿಡಿದ ಹಟ ಬಿಡುವ ಪೈಕಿಯಲ್ಲ ಆತ.

ಕೊನೆಗೆ ಅವಳು ಒಂದು ಷರತ್ತಿನ ಮೇಲೆ ಒಪ್ಪಿದಳು: ಡ್ರೈವಿಂಗ್ ಸ್ಕೂಲಿನ ಕಾರೇ ಆಗಬೇಕು. ಅದರಲ್ಲಿ ಮೇಷ್ಟ್ರ ಕಾಲಬುಡದಲ್ಲೂ ಒಂದು ಬ್ರೇಕಿದೆ. ಅಪ್ಪ ಕೃತಕ ಕಾಲಲ್ಲೇ ಅದನ್ನು ಒತ್ತುವುದನ್ನು ರೂಢಿಸಿಕೊಂಡು ಮತ್ತೆ ಪಾಠ ಶುರುಮಾಡಿದ್ದ. ಶಿಷ್ಯರು ಬೆನ್ನ ಹಿಂದೆ 'ಬ್ರೇಕ್ ಮೇಷ್ಟ್ರು' ಅನ್ನುತ್ತಿದ್ದರು. ಆತ ಪಕ್ಕದಲ್ಲಿದ್ದರೆ ರಸ್ತೆಗೆ ಅಡ್ಡ ಬಂದ ಬೆಕ್ಕಿಗೂ ಆಯುಸ್ಸು ಗಟ್ಟಿ.

ಕಾರು ಬೀದಿ ದಾಟಿತು, ಇಟ್ಟಿಗೆ ಗೂಡಿನ ಏರು ಹತ್ತಿತು. ಮೇಲಿನಿಂದ ನೋಡಿದರೆ ಅದೇ ತಿರುವು, ಅದೇ ಗೋಡೆ. ಅವಳು ಗುದ್ದಿದ ಜಾಗಕ್ಕೆ ಹಾಕಿದ ಸಿಮೆಂಟಿನ ತೇಪೆ ಬೇರೆ. ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿಬಿಟ್ಟಳು.

"ನನ್ನ ಕೈಲಾಗಲ್ಲ ಅಪ್ಪಾ. ಇಳಿಯೋ ತನಕ ಬ್ರೇಕು ನೀನೇ ಒತ್ಕೊಂಡಿರು."

ಅಪ್ಪ ಪ್ಯಾಂಟು ಮೇಲಕ್ಕೆ ಮಡಚಿ, ಪಟ್ಟಿ ಬಿಚ್ಚಿ, ಆ ಕಾಲನ್ನೇ ಕಳಚಿ ಹಿಂದಿನ ಸೀಟಿಗೆ ಎಸೆದ. ಕಾಲುಚೀಲವನ್ನೂ ಎಳೆದು ತೆಗೆದ. ಆಮೇಲೆ ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಂಡು, ಹರಟೆಗೆ ಕೂತವನ ಹಾಗೆ ಕೂತ.

"ಬುದ್ಧಿಗಿದ್ಧಿ ಇದೆಯಾ ನಿಂಗೆ? ಬ್ರೇಕ್ ಯಾರು ಒತ್ತೋದು?"

"ನೀನೇ. ಇಲ್ಲಿ ನೋಡು."

ಅವಳು ಗಾಜಿನಾಚೆಗೆ ನೋಡಿದಳು.

"ಅಲ್ಲಲ್ಲ ಕಣೇ, ಇಲ್ಲಿ. ಭಾನುವಾರ ಬಂತು ಅಂದ್ರೆ ಚರ್ಚಲ್ಲಿ ಮಂಡಿಯೂರಿ ಕ್ಷಮಿಸು ಕ್ಷಮಿಸು ಅಂತ ದೇವರ ತಲೆ ತಿಂತೀಯ. ಯೇಸು ಸಮಾಧಿಯಿಂದ ಎದ್ದು ಬಂದ್ನಲ್ಲ, ಸಾವನ್ನೇ ಗೆದ್ದವನಿಗೆ ಕೈಮೇಲಿನ ಗಾಯ ಅಳಿಸಿಕೊಳ್ಳೋದು ಏನು ಮಹಾ? ಅಳಿಸಿಕೊಳ್ಳಲಿಲ್ಲ. ತನ್ನ ಬಿಟ್ಟು ಓಡಿಹೋದವರ ಮುಂದೇನೇ ನಿಂತು ತೋರಿಸಿದ. ಯಾಕೆ, ಬೈಯೋಕಾ?"

"ಅಲ್ಲ," ಅಂದಳು. "ಸಮಾಧಾನ ಮಾಡೋಕೆ."

"ನಾನೂ ಅದಕ್ಕೇ ತೋರಿಸ್ತಿರೋದು. ಇದು ನಿನ್ನ ಮೇಲಿನ ದೂರಲ್ಲ ಮಗಳೇ, ನಿನ್ನಪ್ಪನ ಕಾಲು. ನೋಡು. ನೋಡಿ ಆಮೇಲೆ ಗಾಡಿ ಬಿಡು."

ಅವಳು ನೋಡಿದಳು. ಗುಂಡಗೆ, ಬಿಳಿಚಿಕೊಂಡು, ತುದಿಯಲ್ಲಿ ಹೊಲಿಗೆಯ ಗೆರೆ. ಇಷ್ಟೇನಾ ಅನ್ನಿಸಿತು, ಮರುಕ್ಷಣವೇ ಇಷ್ಟೊಂದಾ ಅನ್ನಿಸಿತು. ಬಿಕ್ಕಿಬಿಕ್ಕಿ ಅತ್ತಳು. ಅಪ್ಪ ಕರ್ಚೀಫು ಕೊಟ್ಟ, ತಲೆ ಸವರಿದ, ಕಾಲನ್ನು ಮಾತ್ರ ಹಾಕಿಕೊಳ್ಳಲಿಲ್ಲ.

ಮೂಗೊರೆಸಿಕೊಂಡು ಅವಳು ಗೇರ್ ಹಾಕಿದಳು. ತಿರುವಿನಲ್ಲಿ ಇಟ್ಟಿಗೆ ಲಾರಿಯೊಂದು ಧುತ್ತನೆ ಎದುರಾಯಿತು. ಅವಳ ಕಾಲು ಹದವಾಗಿ ಬ್ರೇಕ್ ಒತ್ತಿತು. ಲಾರಿ ಹಾದುಹೋಯಿತು. ಗೋಡೆ ತನ್ನ ಪಾಡಿಗೆ ತಾನು ಹಿಂದೆ ಸರಿಯಿತು.

ಮಟ್ಟಸ ರಸ್ತೆಯಲ್ಲಿ ಒಂದಷ್ಟು ದೂರ ಬಂದಮೇಲೆ, "ನೋಡಿದೆಯಾ ಅಪ್ಪಾ?" ಅಂದಳು.

ಉತ್ತರದ ಬದಲು ಗೊರಕೆ ಬಂತು. ಶಿಷ್ಯರ ಪಕ್ಕ ಕೂತರೆ ರೆಪ್ಪೆ ಮಿಟುಕಿಸಲೂ ಹೆದರುವ ಬ್ರೇಕ್ ಮೇಷ್ಟ್ರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ನಿಜವಾದ ನಿದ್ದೆಯೋ ನಾಟಕವೋ, ಅವಳು ಕೆದಕಲಿಲ್ಲ. ಮನೆಯ ತಿರುವು ಬಂದರೂ ತಿರುಗಿಸದೆ ನೇರ ಹೋದಳು.

ಕಾರು ನಿಂತಾಗ ಅಪ್ಪ ಕಣ್ಣುಜ್ಜಿಕೊಂಡ. "ಮನೆ ಬಂತಾ?"

"ಆಸ್ಪತ್ರೆ. ಹೂಂ ಅಂತ ಹೇಳಿ ಬರೋಣ. ನೀನೂ ಬಾ."

"ಹಾಗಾದ್ರೆ ನನ್ನ ಕಾಲು ಕೊಡೇ."

ಅವಳು ಹಿಂದಿನ ಸೀಟಿನಿಂದ ಕಾಲನ್ನು ಎತ್ತಿಕೊಂಡಳು, ಕೊಡಲಿಲ್ಲ. ಸುತ್ತಿ ಬಂದು ಅಪ್ಪನ ಕಡೆಯ ಬಾಗಿಲು ತೆಗೆದಳು. ಬಿಸಿಲಿಗೆ ಕಾದ ನೆಲದ ಮೇಲೆ ಮಂಡಿಯೂರಿ, ಮೊಂಡುಗಾಲನ್ನು ಎರಡೂ ಕೈಯಲ್ಲಿ ಹಿಡಿದಳು. ಒಂದು ನೆರಿಗೆಯೂ ಉಳಿಯದ ಹಾಗೆ ಕಾಲುಚೀಲ ಏರಿಸಿದಳು, ಕಾಲು ಕೂರಿಸಿ ಪಟ್ಟಿ ಎಳೆದಳು.

"ಬಿಗಿ ಆಯ್ತಾ ಅಪ್ಪಾ?"

ಅಪ್ಪ ಆ ಕಾಲನ್ನು ನೆಲಕ್ಕೆ ಊರಿ ನೋಡಿದ. ಅವಳ ಹೆಗಲು ಹಿಡಿದು ಎದ್ದು ನಿಂತ.